ಅಕ್ಕೋರ ರೂಮಿನ ಡಬ್ಬ

ಆ ಡಬ್ಬ ಗುಂಡ್ಲುಪೇಟೆಗೆ ಬಂದ ದಿನವೇ ಅಕ್ಕೋರಿಗೂ ನನಗೂ ಕೆಟ್ಟಿತು. ಅದಕ್ಕೂ ಮೊದಲು ನಾವು ಭಾರಿ ಸ್ನೇಹದಲ್ಲಿದ್ದೆವು ಅಂತಲ್ಲ. ಆದರೆ ಫೋನಿನಲ್ಲಿ ಅವರು ನನ್ನನ್ನು ‘ಅಮ್ಮಿ’ ಅನ್ನುತ್ತಿದ್ದರು, ನಾನು ‘ಅಕ್ಕಾ’ ಅನ್ನುತ್ತಿದ್ದೆ, ಊಟ ಆಯ್ತಾ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಅಷ್ಟಾದರೂ ಇತ್ತು.

ನಾನು ಆಗ ಚಾಮರಾಜನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಸೆಂಟರ್ ಒಬ್ಬ ಡಾಕ್ಟರದು. ಅವರದ್ದೇ ಇನ್ನೊಂದು ಸಣ್ಣ ಸೆಂಟರ್ ಗುಂಡ್ಲುಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿತ್ತು. ಅಲ್ಲಿ ಎಕ್ಸ್-ರೇ ಮತ್ತು ಹೊಟ್ಟೆಯ ಸ್ಕ್ಯಾನ್ ಮಾತ್ರ. ಆ ಸೆಂಟರನ್ನು ನಡೆಸುತ್ತಿದ್ದವರು ಡಾಕ್ಟರ ಸ್ವಂತ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಜಮೀನು, ತೋಟ ಎಲ್ಲ ಇದ್ದ ಮನೆತನ. ಹಣೆ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಬೀಗದ ಕೈ ಗೊಂಚಲು. ಊರಿನವರೆಲ್ಲ ಅವರನ್ನು ಅಕ್ಕೋರು ಅನ್ನುತ್ತಿದ್ದರು. ಬಂದ ರೋಗಿಯನ್ನು ಯಾವ ಊರು, ಯಾರ ಮಗಳು, ಯಾರ ಸೊಸೆ ಅಂತ ವಿಚಾರಿಸದೆ ಒಳಗೆ ಬಿಡುತ್ತಿರಲಿಲ್ಲ.

ಚಾಮರಾಜನಗರದಲ್ಲಿ ತೆಗೆದ ಸ್ಕ್ಯಾನುಗಳೆಲ್ಲ ನಮ್ಮ ಸರ್ವರಿನಲ್ಲಿ ಇರುತ್ತಿದ್ದವು. ಅದೊಂದೇ ಜಾಗದಲ್ಲಿದ್ದರೆ ಕಷ್ಟ, ಬೆಂಕಿ ಬಿದ್ದರೆ, ಸಿಡಿಲು ಹೊಡೆದರೆ ಎಲ್ಲ ಹೋಗುತ್ತದೆ, ನಕಲು ಬೇರೆ ಊರಿನಲ್ಲಿರಲಿ ಅಂತ ನಾನೇ ಡಾಕ್ಟರಿಗೆ ಹೇಳಿದ್ದೆ. ಅವರು ಒಪ್ಪಿದರು. ಕಂಪನಿಯವರು ಮೈಸೂರಿನಿಂದ ಒಂದು ಕಪ್ಪು ಡಬ್ಬ ತಂದರು. ಹೊಲಿಗೆ ಯಂತ್ರದಷ್ಟು ದಪ್ಪ, ಒಳಗೆ ಸಾಲಾಗಿ ನಾಲ್ಕು ಡಿಸ್ಕು. ಪ್ರತಿ ದಿನ ನಮ್ಮ ಸರ್ವರಿನಲ್ಲಿ ಸೇರಿದ್ದನ್ನೆಲ್ಲ ಇಂಟರ್‌ನೆಟ್ ಮೂಲಕ ಎಳೆದು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ.

“ಇದರ ಆರೋಗ್ಯ ನೋಡೋಕೆ ನೀವು ಗುಂಡ್ಲುಪೇಟೆಗೆ ಹೋಗಬೇಕಿಲ್ಲ ಮೇಡಂ,” ಅಂದ ಕಂಪನಿಯ ಇಂಜಿನಿಯರ್. “ತನ್ನನ್ನು ತಾನೇ ಪರೀಕ್ಷೆ ಮಾಡ್ಕೊಳ್ಳುತ್ತೆ. ಬಿಸಿ ಜಾಸ್ತಿಯಾದರೆ, ಕರೆಂಟ್ ಹೋದರೆ, ಡಿಸ್ಕ್ ಸುಸ್ತಾದರೆ ನಿಮ್ಮ ಫೋನಿಗೆ ಮೆಸೇಜ್ ಬರುತ್ತೆ. ನಮ್ಮ ಆಫೀಸಿಗೂ ಬರುತ್ತೆ.”

ಡಬ್ಬ ಇಡಲು ಗುಂಡ್ಲುಪೇಟೆಯ ಸೆಂಟರಿನಲ್ಲಿ ಇದ್ದದ್ದು ಒಂದೇ ಖಾಲಿ ರೂಮು. ಖಾಲಿ ಅಂತ ಹೇಳಿದ್ದು ಡಾಕ್ಟರ್. ಅದು ಅಕ್ಕೋರ ರೂಮು. ಬೆಳಿಗ್ಗೆ ಬಂದು ಅಲ್ಲೇ ಕೂತು ಲಿಂಗಪೂಜೆ ಮುಗಿಸಿ ಕೌಂಟರಿಗೆ ಬರುತ್ತಿದ್ದರು. ಮಧ್ಯಾಹ್ನ ಅಲ್ಲೇ ಊಟ, ಅಲ್ಲೇ ಚಾಪೆ ಹಾಕಿ ಅರೆಗಳಿಗೆ ಒರಗುವುದು. ಡಬ್ಬ ಬಂತು, ಅದರ ಹಿಂದೆ ಎಸಿಯೂ ಬಂತು. ಗೋಡೆ ಕೊರೆಯುವ ದಿನ ನಾನು ಅಲ್ಲಿದ್ದೆ. ಅಕ್ಕೋರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

“ಈ ರೂಮ್ಗೆ ಒಂದು ಫ್ಯಾನ್ ಆಕ್ಸಪ್ಪ ಅಂತ ಎಷ್ಟು ವರ್ಸದಿಂದ ಬಾಯಿ ಬಡ್ಕತಾ ಇದ್ದೆ,” ಅಂದರು. “ಮನ್ಸಂಗೆ ಇಲ್ದೇ ಇದ್ದ ಗಾಳಿ ಡಬ್ಬಕ್ಕೆ ಬಂತು. ಯಾರೇಳ್ಕೊಟ್ರು ಅವ್ನಿಗೆ ಇದ್ನ? ನೀನಾ?”

“ಇದು ರೋಗಿಗಳ ಒಳ್ಳೇದಕ್ಕೇ ಅಕ್ಕಾ,” ಅಂದೆ.

“ಊಂ,” ಅಂದರು. ಚಾಪೆ ಸುತ್ತಿಕೊಂಡು ಎಕ್ಸ್-ರೇ ರೂಮಿನ ಮೂಲೆಗೆ ಹೋದರು.

ಮಾರನೆಯ ವಾರದಿಂದಲೇ ಮೆಸೇಜುಗಳು ಶುರುವಾದವು. ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಫೋನು ಗುಂಯ್ ಅನ್ನುತ್ತಿತ್ತು: ಬಿಸಿ ಮಿತಿ ಮೀರಿದೆ. ಕಾರಣ ಗೊತ್ತಿತ್ತು. ಅಕ್ಕೋರು ಚಾಪೆಯನ್ನು ಮತ್ತೆ ಆ ರೂಮಿಗೇ ತಂದಿದ್ದರು. ಎಸಿ ತಣ್ಣಗೆ ಬಂದು ಅವರ ಮಂಡಿ ಹಿಡಿಯುತ್ತಿತ್ತು, ಆರಿಸಿ ಮಲಗುತ್ತಿದ್ದರು. ನಾನು ಫೋನ್ ಮಾಡುತ್ತಿದ್ದೆ.

“ಅಕ್ಕಾ, ಎಸಿ ಆಫ್ ಆಗಿದೆ.”

“ನಿನಗೆಂಗೆ ಗೊತ್ತು?”

“ಮೆಸೇಜ್ ಬಂತು.”

“ಯಾರ್ ಕಳ್ಸುದ್ರು?”

“ಡಬ್ಬಾನೇ ಕಳಿಸುತ್ತೆ ಅಕ್ಕಾ.”

“ಚಾಡಿ ಏಳಕ್ಕೇ ಮಡಗವ್ರೆ ಅನ್ನು ಇದ್ನ,” ಅಂದು ಇಟ್ಟುಬಿಟ್ಟರು.

ಸಾಯಂಕಾಲ ಸೆಂಟರ್ ಮುಚ್ಚುವಾಗ ಮೈನ್ ಸ್ವಿಚ್ಚನ್ನೇ ಆರಿಸಿ ಹೋಗುವುದು ಅವರ ಇಷ್ಟು ವರ್ಷದ ಅಭ್ಯಾಸ. ಡಬ್ಬಕ್ಕೆ ಅದೂ ಆಗದು. ಹಾಗೆ ಆರಿಸಿದಾಗಲೆಲ್ಲ ಯುಪಿಎಸ್ ಬ್ಯಾಟರಿಯ ಬಲದಲ್ಲಿ ‘ಕರೆಂಟ್ ಹೋಯಿತು’ ಅಂತ ಒಂದು ಮೆಸೇಜ್, ಬೆಳಿಗ್ಗೆ ಹಾಕಿದಾಗ ‘ಮತ್ತೆ ಎದ್ದಿದ್ದೇನೆ’ ಅಂತ ಇನ್ನೊಂದು. ಬೇಡ ಅಂತ ನಾನು ಹೇಳುವುದು, ಕರೆಂಟು ಸುಮ್ಮನೆ ಉರಿಯುತ್ತೆ ಅಂತ ಅವರು ಹೇಳುವುದು. ನನ್ನ ದನಿ ದಿನದಿಂದ ದಿನಕ್ಕೆ ಗಟ್ಟಿಯಾಯಿತು. ಅವರು ‘ಅಮ್ಮಿ’ ಬಿಟ್ಟು ‘ಮೇಡಂನೋರು’ ಅನ್ನಲು ಶುರುಮಾಡಿದರು. “ಮೇಡಂನೋರೇ, ಈಗ ಎದ್ದು ನಿಂತಿವ್ನಿ, ಸ್ವಿಚ್ ಆಕ್ಲಾ? ಅಪ್ಪಣೆಯಾ?” ಅಂತ. ಕೌಂಟರಿನ ಮುಂದೆ ಕೂತ ರೋಗಿಗಳು ನಗುವುದು ಫೋನಿನಲ್ಲೇ ಕೇಳಿಸುತ್ತಿತ್ತು.

ಒಂದು ದಿನ ಡಾಕ್ಟರ್ ನನ್ನನ್ನು ಒಳಗೆ ಕರೆದರು. ಗುಂಡ್ಲುಪೇಟೆಯ ಕಡೆಯ ಯಾರೋ, ಸೆಂಟರ್ ಹೊತ್ತಿಗೆ ಸರಿಯಾಗಿ ತೆಗೆಯುವುದಿಲ್ಲ ಅಂತ ದೂರು ಹೇಳಿದ್ದರಂತೆ.

“ಆ ಬಾಕ್ಸು ಬೆಳಿಗ್ಗೆ ಆನ್ ಆದಾಗ ನಿನಗೆ ಮೆಸೇಜ್ ಬರುತ್ತಲ್ಲ?” ಅಂದರು.

“ಬರುತ್ತೆ ಸಾರ್.”

“ಅಂದರೆ ಅಕ್ಕ ಸೆಂಟರ್ ತೆಗೆದ ಟೈಮ್ ಅದೇ.”

ನಾನು ಫೋನ್ ತೋರಿಸಿದೆ. ತೋರಿಸದೆ ಏನು ಮಾಡಬೇಕಿತ್ತು, ನನಗೆ ಇವತ್ತಿಗೂ ಗೊತ್ತಿಲ್ಲ. ಸಂಬಳ ಕೊಡುವವರು ಕೇಳಿದ್ದರು. ವಾರದ ಉಳಿದ ದಿನಗಳು ಸರಿಯಾಗಿದ್ದವು, ಶನಿವಾರ ಮಾತ್ರ ಡಬ್ಬ ತಡವಾಗಿ ಏಳುತ್ತಿತ್ತು. ಒಂದು ಶನಿವಾರವೂ ತಪ್ಪಿರಲಿಲ್ಲ. ಡಾಕ್ಟರ್ ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದರು. ಅಕ್ಕ ತಮ್ಮ ಹೇಗೆ ಮಾತಾಡಿಕೊಂಡರೂ ಅದು ಅವರ ಮನೆಯ ವಿಷಯ. ಆದರೆ ಅವರು ನನ್ನ ಎದುರಿಗೇ ಕೂಗಾಡಿದರು. “ನಂಗೆಲ್ಲ ಗೊತ್ತಾಗುತ್ತೆ ಅಕ್ಕ, ಅದು ಎಲ್ಲಾನೂ ಹೇಳುತ್ತೆ,” ಅಂದರು.

ಎರಡು ದಿನ ಬಿಟ್ಟು ಅಕ್ಕೋರು ಚಾಮರಾಜನಗರಕ್ಕೆ ಬಂದರು. ಬಂದದ್ದು ಸೆಂಟರಿಗಲ್ಲ, ನನ್ನ ಅಬ್ಬಾನ ಅಂಗಡಿಗೆ.

ಅಬ್ಬಾನದು ಹಾಸಿಗೆ ಅಂಗಡಿ. ಹತ್ತಿ ಹಿಂಜಿ, ತುಂಬಿ, ಹೊಲಿದು ಕೊಡುತ್ತಾರೆ. ಅಂದು ನನಗೆ ರಜೆ, ಅಬ್ಬಾನಿಗೆ ಊಟ ತೆಗೆದುಕೊಂಡು ಹೋಗಿದ್ದೆ. ಆಟೋದಿಂದ ಇಳಿದ ಅಕ್ಕೋರನ್ನು ನೋಡಿ ನನ್ನ ಕೈಯಲ್ಲಿದ್ದ ಟಿಫನ್ ಬಾಕ್ಸು ಹಾಗೇ ನಿಂತಿತು. ಅಬ್ಬಾ ಗಿರಾಕಿ ಅಂದುಕೊಂಡು ಎದ್ದರು.

“ಬನ್ನಿ ಅಮ್ಮಾ, ಕೂತ್ಕೊಳ್ಳಿ.”

“ಕೂರಕ್ಕೆ ಬಂದಿಲ್ಲ ಭಾಯಿ. ನಿಮ್ಮ ಮಗಳಾ ಇವ್ಳು?”

“ಹೌದಮ್ಮಾ.”

“ನನಗೂ ನನ್ನ ತಮ್ಮಂಗೂ ತಂದಾಕ್ಬುಟ್ಲು. ಅವ್ನು ನನ್ನ ಮಗ ಇದ್ದಂಗೆ. ಇಷ್ಟು ವರ್ಸಕ್ಕೆ ಒಂದಿನ ಏ ಅಂದೋನಲ್ಲ. ಮೊನ್ನೆ ಫೋನ್ನಲ್ಲಿ ಕೂಲಿ ಆಳಿಗೆ ಬಯ್ದಂಗೆ ಬಯ್ದ.”

“ನಾನೇನೂ ಹೇಳಿಲ್ಲ. ಸಾರ್ ಕೇಳಿದರು, ಮೆಸೇಜ್ ತೋರಿಸಿದೆ,” ಅಂದೆ.

“ಶನಿವಾರ ನಾನೆಲ್ಲಿಗೋಯ್ತಿನಿ ಅಂತ ಆ ನಿನ್ನ ಡಬ್ಬ ಏಳ್ತಾ?” ಅಂದರು. “ಗೋಪಾಲಸ್ವಾಮಿ ಬೆಟ್ಟಕ್ಕೋಯ್ತಿನಿ. ಅವ್ನ ಕೂಸು ಉಸಾರಿಲ್ದೆ ಆಸ್ಪತ್ರೇಲಿ ಬಿದ್ದಿತ್ತಲ್ಲ, ಆವತ್ತು ಒತ್ತ ಅರಕೆ. ಅವ್ನಿಗೂ ಏಳಿಲ್ಲ ನಾನು. ಏಳ್ಕಂಡು ಮಾಡೋದ ಅರಕೆ? ಈಗ ಅವ್ನ ಕೈಲೇ ಕಳ್ಳಿ ಅನ್ನುಸ್ಕಂಡೆ. ನಿನಗೆ ಒಳ್ಳೇದಾಗ್ಲಿ ಕಣಮ್ಮಿ.”

ಒಳ್ಳೇದಾಗಲಿ ಅನ್ನುವುದನ್ನು ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬೀದಿಯ ಎರಡೂ ಕಡೆಯ ಅಂಗಡಿಯವರು ಹೊರಗೆ ಬಂದು ನಿಂತಿದ್ದರು. ಅಕ್ಕೋರು ಅದೇ ಆಟೋ ಹತ್ತಿ ಹೋದರು.

ಮನೆಗೆ ಹೋದ ಮೇಲೆ ಅಬ್ಬಾ ಉರ್ದುವಿನಲ್ಲಿ ಒಂದೇ ಮಾತು ಕೇಳಿದರು. “ನಿನ್ನನ್ನು ಅವರು ಡಬ್ಬ ಕಾಯೋಕೆ ಇಟ್ಟುಕೊಂಡಿದ್ದಾರೋ, ಆ ಹೆಂಗಸನ್ನು ಕಾಯೋಕೋ?”

ನನಗೆ ಅಬ್ಬಾನ ಮೇಲೂ ಸಿಟ್ಟು ಬಂತು. ಇಡೀ ಬೀದಿಯ ಎದುರು ಮಾನ ಹೋದದ್ದು ನನ್ನದು. ಅಂದಿನಿಂದ ನಾನು ಅಕ್ಕೋರಿಗೆ ಫೋನ್ ಮಾಡುವುದನ್ನು ಬಿಟ್ಟೆ. ಏನಾದರೂ ಮೆಸೇಜ್ ಬಂದರೆ ಅದನ್ನು ಹಾಗೇ ಡಾಕ್ಟರಿಗೆ ಕಳಿಸುತ್ತಿದ್ದೆ. ಮೈನ್ ಸ್ವಿಚ್ಚಿನ ಜಗಳ ಬೇಡವೆಂದು ಡಾಕ್ಟರ್ ಎಲೆಕ್ಟ್ರಿಷಿಯನ್ ಕಳಿಸಿ ಡಬ್ಬಕ್ಕೆ ಬೇರೆಯದೇ ಲೈನ್ ಎಳೆಸಿದರು, ಅದರ ಸ್ವಿಚ್ಚು ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ. ಅಕ್ಕೋರಿಗೆ ಅದು ಇನ್ನೊಂದು ಕಪಾಳಮೋಕ್ಷದಂತೆ ಕಂಡಿರಬೇಕು.

ಸಂಕ್ರಾಂತಿ ಕಳೆದ ಮೇಲೆ ಮೆಸೇಜುಗಳು ನಿಂತುಹೋದವು.

ಮೊದಮೊದಲು ನೆಮ್ಮದಿ ಅನ್ನಿಸಿತು. ಆಮೇಲೆ ಅನುಮಾನ ಹತ್ತಿತು. ಮಾಘದ ಚಳಿ ಹೋಗಿ ಬಿಸಿಲು ಏರುತ್ತಿತ್ತು, ಆ ಬಿಸಿಲಿಗೆ ಡಬ್ಬ ಒಂದು ಸಾರಿಯೂ ಬಿಸಿ ಅನ್ನಲಿಲ್ಲ ಅಂದರೆ ನಂಬುವುದು ಹೇಗೆ? ಕೆಟ್ಟರೆ ಮಾತ್ರ ಕೂಗುವ ಯಂತ್ರದ ತೊಂದರೆಯೇ ಇದು. ಅದು ಸುಮ್ಮನಿದ್ದರೆ ಗಟ್ಟಿಯಾಗಿದೆಯೋ, ಕೂಗಲೂ ಆಗದಷ್ಟು ಕೆಟ್ಟಿದೆಯೋ ಗೊತ್ತಾಗುವುದಿಲ್ಲ. ಕಂಪನಿಗೆ ಫೋನ್ ಮಾಡಿದೆ. ಅತ್ತಲಿನ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು, “ಮೇಡಂ, ಬಾಕ್ಸಿನಿಂದ ನಮಗೂ ಏನೂ ಬರ್ತಿಲ್ಲ. ನಾವು ಗುಂಡ್ಲುಪೇಟೆ ಸೆಂಟರಿನ ನಂಬರಿಗೆ ಕಾಲ್ ಮಾಡಿದ್ವಿ. ರಿಪೇರಿ ನಡೀತಿದೆ, ನಾವೇ ಆಫ್ ಮಾಡಿದ್ದೀವಿ, ಇನ್ನು ಫೋನ್ ಮಾಡಬೇಡಿ ಅಂದ್ರು. ಅದಕ್ಕೇ ಅಲರ್ಟ್ ನಿಲ್ಲಿಸಿದ್ದೀವಿ.”

“ಯಾರು ಅಂದ್ರು?”

“ಒಬ್ಬರು ಲೇಡಿ.”

ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಯಾರದೋ ಎದೆಯ ಸ್ಕ್ಯಾನ್ ನೋಡುತ್ತಿದ್ದರು, ತಲೆ ಎತ್ತಲಿಲ್ಲ. ಗುಂಡ್ಲುಪೇಟೆಗೆ ಹೋಗಿ ನೋಡಿ ಬರುತ್ತೇನೆ ಅಂದೆ.

“ಬೇಡ,” ಅಂದರು. “ಅಕ್ಕ ಈಗ ತಾನೇ ನನ್ನ ಜೊತೆ ಮಾತಾಡೋಕೆ ಶುರು ಮಾಡಿದ್ದಾಳೆ. ನೀನು ಮತ್ತೆ ಹೋಗಿ ಅವಳನ್ನು ಕೆಣಕಬೇಡ. ಯುಗಾದಿ ಕಳೀಲಿ, ನಾನೇ ಹೋಗಿ ನೋಡ್ತೀನಿ.”

ಇನ್ನೊಂದು ಸಾರಿ ಹೇಳಿದೆ, ಇನ್ನೊಂದು ಸಾರಿ ಅದೇ ಉತ್ತರ. ಮೂರನೆಯ ಸಾರಿ, “ನಿಮ್ಮಿಬ್ಬರ ಹೆಂಗಸರ ಜಗಳದಲ್ಲಿ ನನಗೆ ಸಾಕಾಗಿದೆ,” ಅಂದರು. ನಾನೂ ಬಾಯಿ ಮುಚ್ಚಿಕೊಂಡೆ. ಯುಗಾದಿ ಬಂತು, ಹೋಯಿತು. ಅವರು ಗುಂಡ್ಲುಪೇಟೆಗೆ ಹೋಗಿ ಬಂದರು, ಅಕ್ಕನ ಮನೆಯಲ್ಲಿ ಹೋಳಿಗೆ ಉಂಡು ಬಂದರು. ರೂಮಿನ ಬೀಗ ತೆಗೆಸಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಚಾಮರಾಜನಗರದಲ್ಲಿ ಆ ವರ್ಷದ ಮೊದಲ ಗುಡುಗು ಮಳೆ. ಮಳೆ ಅನ್ನುವುದಕ್ಕಿಂತ ಗಾಳಿ, ಸಿಡಿಲು. ಸೆಂಟರಿನ ಹಿಂದೆ ಎಲ್ಲೋ ಬಡಿಯಿತು. ಟ್ಯೂಬ್‌ಲೈಟುಗಳು ಒಂದು ಸಾರಿ ಜೋರಾಗಿ ಹೊತ್ತಿ ಆರಿದವು. ಕರೆಂಟು ಬಂದ ಮೇಲೆ ಎಲ್ಲ ಕಂಪ್ಯೂಟರುಗಳೂ ಎದ್ದವು, ಸರ್ವರ್ ಮಾತ್ರ ಏಳಲಿಲ್ಲ. ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಕಂಪನಿಯವರು ಬಂದು ನೋಡಿ, ಇದರಲ್ಲಿದ್ದದ್ದು ಹೋಯಿತು ಅಂದರು. ಹೊಸದು ತರಿಸೋಣ, ಗುಂಡ್ಲುಪೇಟೆಯ ನಕಲಿನಿಂದ ತುಂಬಿಕೊಳ್ಳೋಣ ಅಂದರು. ಡಾಕ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖವನ್ನು ನೋಡಲಿಲ್ಲ.

ಮಾರನೆಯ ಬೆಳಿಗ್ಗೆಯೇ ಉಮ್ಮತ್ತೂರಿನಿಂದ ಗಂಡ ಹೆಂಡತಿ ಬಂದರು. ಹೆಂಗಸಿಗೆ ನಡುವಯಸ್ಸು, ಅರಿಶಿನದ ಹೊಲಗಳಲ್ಲಿ ಕೂಲಿ. ಕೆಮ್ಮು ಅಂತ ಮೈಸೂರಿನ ಆಸ್ಪತ್ರೆಗೆ ತೋರಿಸಿದ್ದರು. ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟು ಕಂಡಿತ್ತು. ಹಿಂದೆ ನಮ್ಮಲ್ಲಿ ಅವಳ ಎದೆಯ ಸ್ಕ್ಯಾನ್ ಆಗಿತ್ತು. ಆಗಲೂ ಆ ಗಂಟು ಇದ್ದು, ಇಷ್ಟೇ ದೊಡ್ಡದಾಗಿದ್ದರೆ ಭಯವಿಲ್ಲ, ಬೆಳೆದಿದ್ದರೆ ಕೊಯ್ಯಬೇಕು, ಹಳೆಯದನ್ನು ತನ್ನಿ ಅಂದಿದ್ದರಂತೆ ಅಲ್ಲಿಯ ಸರ್ಜನ್. ನಾವು ಕೊಟ್ಟಿದ್ದ ಫಿಲ್ಮುಗಳು ಮನೆ ಸೋರಿ ಒಂದಕ್ಕೊಂದು ಅಂಟಿಹೋಗಿದ್ದವು. ಅವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ತಂದಿದ್ದರು.

“ಕಂಪ್ಯೂಟರ್ನಲ್ಲಿ ಇರ್ತದೆ, ಯಾವಾಗ್ ಬಂದ್ರೂ ಕೊಡ್ತಿವಿ ಅಂದಿದ್ರಲ್ಲ ಅವ್ವಾ,” ಅಂದ ಗಂಡ.

ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿ ಗುಂಡ್ಲುಪೇಟೆಯ ಬಸ್ ಹತ್ತಿದೆ.

ನಾನು ಹೋದಾಗ ಸೆಂಟರಿನ ತುಂಬ ಜನ. ಅಕ್ಕೋರು ಕೌಂಟರಿನ ಹಿಂದೆ ಕೂತಿದ್ದರು. ನನ್ನನ್ನು ನೋಡಿದರು, ನೋಡದವರಂತೆ ಒಬ್ಬ ಬಸುರಿಯ ಹೆಸರು ಕೂಗಿದರು. ರೂಮಿಗೆ ಬೀಗ ಹಾಕಿತ್ತು.

“ರೂಮ್ ತೆಗೀರಿ,” ಅಂದೆ.

“ಯಾರಪ್ಪಣೆ?”

“ಡಾಕ್ಟರ್ ಸಾರ್ ಕಳಿಸಿದ್ದಾರೆ.”

“ಅವ್ನೇ ಬಂದು ಕೇಳ್ಲಿ. ಅವ್ನ ತೊಳ್ದು ಬಳ್ದು ಸಾಕ್ದೋಳು ನಾನು. ಅವ್ನು ಕಳ್ಸಿದ ಆಳಿಗೆಲ್ಲ ಬೀಗ ತೆಗಿಯಲ್ಲ.”

“ಸರ್ವರ್ ಸುಟ್ಟುಹೋಗಿದೆ. ಅಲ್ಲಿ ರೋಗಿ ಕೂತಿದ್ದಾರೆ.”

“ಓ, ಈಗ ಬೇಕಾಯ್ತಾ ನಮ್ಮ ಸೆಂಟ್ರು?”

ನಾನು ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಕೌಂಟರಿನ ಮೇಲೆ ಇಟ್ಟೆ. ಅಷ್ಟು ಜನರ ಮುಂದೆ. ಬೇಕೆಂದೇ ಇಟ್ಟೆ. ನನ್ನ ಬೀದಿಯಲ್ಲಿ ಅವರು ಮಾಡಿದ್ದು ನನಗೆ ಮರೆತಿರಲಿಲ್ಲ. ಡಾಕ್ಟರ ದನಿ ಇಡೀ ಹಾಲಿಗೆ ಕೇಳಿಸಿತು. “ಅಕ್ಕಾ, ಬೀಗ ತೆಗಿ. ತೆಗಿ ಅಂದೆ!”

ಅಕ್ಕೋರು ಗೊಂಚಲಿನಿಂದ ಬೀಗದ ಕೈ ಬಿಡಿಸಿದರು. ಕೊಡಲಿಲ್ಲ, ನನ್ನ ಕಾಲ ಬಳಿ ಎಸೆದರು. ನಾನು ಬಗ್ಗಿ ಎತ್ತಿಕೊಂಡೆ.

ಬಾಗಿಲು ತೆಗೆದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಎಸಿ ಆರಿತ್ತು, ಕಿಟಕಿ ಮುಚ್ಚಿತ್ತು. ಇಂಟರ್‌ನೆಟ್ ವೈರನ್ನು ಕಿತ್ತು, ಅಂದವಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಡಬ್ಬದ ಮೇಲೆ ದಪ್ಪನೆಯ ರಗ್ಗು, ನಾಲ್ಕು ಮಡಿಕೆ ಮಾಡಿ ಹೊದಿಸಿದ್ದರು. ರಗ್ಗಿನೊಳಗಿನಿಂದ ಸಣ್ಣಗೆ ಕೀಂ ಕೀಂ ಅನ್ನುವ ಸದ್ದು ಬರುತ್ತಿತ್ತು. ತೆಗೆದು ನೋಡಿದರೆ ಮುಂದಿನ ದೀಪಗಳಲ್ಲಿ ಎರಡು ಕೆಂಪಗೆ ಉರಿಯುತ್ತಿದ್ದವು, ಒಂದು ಆರಿಹೋಗಿತ್ತು. ಕೈ ಇಟ್ಟರೆ ಸುಡುತ್ತಿತ್ತು.

“ಯಾಕೆ ಮುಚ್ಚಿದ್ರಿ ಇದನ್ನ?” ಕಿರುಚಿದೆ.

ಅಕ್ಕೋರು ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಹಿಂದೆ ಜನ.

“ಅರಚ್ತಿತ್ತು. ದಿನವೆಲ್ಲಾ ಅರಚ್ತಿತ್ತು. ಬಸ್ರಿ ಎಂಗುಸ್ರು ಎದ್ರುಕತಿದ್ರು.”

“ಸಾಯ್ತಾ ಇದ್ದೀನಿ ಅಂತ ಅರಚಿದ್ದು ಅದು!”

“ಸಾಯ್ಲಿ ಅಂತ್ಲೇ ಮುಚ್ದೆ,” ಅಂದರು. ದನಿ ಏರಿಸಲಿಲ್ಲ. “ನನ್ನ ರೂಮ್ನಲ್ಲಿ ಕೂತು ನನ್ನ ಮ್ಯಾಲೇ ಕಣ್ಣು ಮಡಗಿತ್ತಲ್ಲ, ಸಾಯ್ಲಿ ಅಂತ್ಲೇ ಮುಚ್ಬುಟ್ಟೆ.”

“ಇದರೊಳಗೆ ಜನರ ಸ್ಕ್ಯಾನ್ ಇದ್ದವು. ನಿಮ್ಮ ಮೇಲೆ ಕಣ್ಣಿಡೋಕೆ ತಂದದ್ದಲ್ಲ ಇದು.”

“ಮೊದ್ಲು ಅದ್ನ ನನ್ನ ತಮ್ಮಂಗೆ ಏಳು ಓಗು. ಆಮೇಕೆ ನೀನೂ ತಿಳ್ಕೊ.”

ಅವರನ್ನು ಹೊಡೆದುಬಿಡಬೇಕು ಅನ್ನಿಸಿತು. ನನ್ನ ಕೈ ಎದ್ದಿತ್ತೋ ಏನೋ, ಎಕ್ಸ್-ರೇ ತೆಗೆಯುವಾತ ನಡುವೆ ಬಂದು ನಿಂತ. “ಬುಡಿ ಮೇಡಂ, ಬುಡಿ. ಜನ ನೋಡ್ತಾವ್ರೆ,” ಅಂದ. ನಾನು ಡಬ್ಬವನ್ನು ಆರಿಸಿ, ಬಿಚ್ಚಿ, ಅದೇ ರಗ್ಗಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಚಾಮರಾಜನಗರದವರೆಗೂ ಅದು ನನ್ನ ತೊಡೆಯ ಮೇಲೆ ಬೆಚ್ಚಗೇ ಇತ್ತು.

ಕಂಪನಿಯವರು ಅದನ್ನು ಮೈಸೂರಿಗೆ ಒಯ್ದು ಏನೇನೋ ಮಾಡಿದರು. ಅಲ್ಲಿಷ್ಟು ಇಲ್ಲಿಷ್ಟು ಬಂತು. ಕೆಲವರ ತಲೆ, ಕೆಲವರ ಬೆನ್ನುಮೂಳೆ, ಹೆಸರಿದ್ದು ಚಿತ್ರವಿಲ್ಲದವು, ಚಿತ್ರವಿದ್ದು ಹೆಸರಿಲ್ಲದವು. ಉಮ್ಮತ್ತೂರಿನ ಹೆಂಗಸಿನದು ಬರಲಿಲ್ಲ. ನಾನು ಫೋನ್ ಮಾಡಿ ಹೇಳಿದೆ. ಅವಳ ಗಂಡ, “ಅಂಗಾರೆ ಏನ್ ಮಾಡದು ಈಗ?” ಅಂತ ಕೇಳಿದ. ಡಾಕ್ಟರಿಗೆ ಫೋನ್ ಕೊಟ್ಟೆ.

ಮೈಸೂರಿನ ಸರ್ಜನ್ ಎರಡು ದಾರಿ ಹೇಳಿದರಂತೆ. ಕೆಲವು ತಿಂಗಳು ಕಾದು ಮತ್ತೆ ಸ್ಕ್ಯಾನ್ ಮಾಡಿ ನೋಡುವುದು, ಇಲ್ಲವೇ ಈಗಲೇ ಕೊಯ್ದು ತೆಗೆದು ಪರೀಕ್ಷೆಗೆ ಕಳಿಸುವುದು. ಕ್ಯಾನ್ಸರ್ ಇರಬಹುದು ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ತಿಂಗಳುಗಟ್ಟಲೆ ಕಾಯುವುದು ಯಾರಿಂದ ಆದೀತು? ಅವರು ಕೊಯ್ಯಿಸಿದರು. ಪಕ್ಕೆ ಸೀಳಿ, ಶ್ವಾಸಕೋಶದ ಒಂದು ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರ್ ಆಗಿರಲಿಲ್ಲ. ಯಾವಾಗಲೋ ಬಂದು, ತನ್ನಷ್ಟಕ್ಕೆ ವಾಸಿಯಾಗಿ, ಗಟ್ಟಿಯಾಗಿದ್ದ ಟಿಬಿಯ ಕಲೆ. ಹಳೆಯ ಸ್ಕ್ಯಾನಿನಲ್ಲೂ ಅದು ಇಷ್ಟೇ ಇದ್ದಿರಬೇಕು. ಪಕ್ಕದಲ್ಲಿಟ್ಟು ನೋಡಿದ್ದರೆ ಅವಳನ್ನು ಮುಟ್ಟುವ ಅಗತ್ಯವೇ ಬರುತ್ತಿರಲಿಲ್ಲ.

ಈ ಸುದ್ದಿ ಬಂದ ದಿನ ಡಾಕ್ಟರ್ ನಮ್ಮಿಬ್ಬರನ್ನೂ ತಮ್ಮ ರೂಮಿಗೆ ಕರೆಸಿದರು. ಅಕ್ಕೋರು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ.

“ಇಬ್ಬರೂ ಸೇರಿ ನನ್ನ ಹೆಸರು ಹಾಳು ಮಾಡಿದ್ರಿ,” ಅಂದರು ಡಾಕ್ಟರ್.

“ನಾನು ಮೂರು ಸಾರಿ ಹೇಳಿದ್ದೆ ಸಾರ್,” ಅಂದೆ.

“ಹೇಳೋ ರೀತಿ ಅಂತ ಒಂದಿರುತ್ತೆ.”

“ಯಾವ ರೀತಿ ಸಾರ್? ಗುಂಡ್ಲುಪೇಟೆಗೆ ಹೋಗಿ ನೋಡ್ತೀನಿ ಅಂದೆ. ನೀವು ಬೇಡ ಅಂದ್ರಿ. ಯುಗಾದಿಗೆ ನೀವೇ ಹೋಗಿದ್ರಿ, ಬೀಗ ತೆಗೆಸಲಿಲ್ಲ.”

ಅಕ್ಕೋರು ಗೋಡೆ ನೋಡುತ್ತಲೇ ಅಂದರು, “ಅದ್ಕೆ ಉತ್ರ ಏಳಪ್ಪ ಈಗ. ನಮ್ಮನೇಲಿ ಉಂಡ್ಕಂಡು ಓದ್ಯಲ್ಲ.”

ನಾವಿಬ್ಬರೂ ಒಂದೇ ಕಡೆಗೆ ನಿಂತು ಮಾತಾಡಿದ್ದು ಅದೊಂದೇ ಸಲ. ಅದರಿಂದ ನಮ್ಮ ನಡುವೆ ಏನೂ ಕರಗಲಿಲ್ಲ. ಡಾಕ್ಟರ್ ಎದ್ದು ನಿಂತು, ನಾಳೆಯಿಂದ ನೀನು ಗುಂಡ್ಲುಪೇಟೆಯಲ್ಲೇ ಕೂತು ಕೆಲಸ ಮಾಡು, ಅಲ್ಲೇ ಇದ್ದು ಕಣ್ಣಿಡು ಅಂತ ನನಗೆ ಹೇಳಿದರು. ಅಕ್ಕೋರು ಬಿರ್ರನೆ ಎದ್ದು ಹೊರಗೆ ಹೋದರು. ನಾನು ಆ ವಾರವೇ ಕೆಲಸ ಬಿಟ್ಟೆ.

ಬಿಟ್ಟ ಮೇಲೆ ಒಂದು ದಿನ ಉಮ್ಮತ್ತೂರಿಗೆ ಹೋದೆ. ಯಾಕೆ ಹೋದೆ ಅಂದರೆ, ಹೋಗದೆ ಇರಲು ಆಗಲಿಲ್ಲ. ಕಿತ್ತಳೆ ಹಣ್ಣು ತೆಗೆದುಕೊಂಡಿದ್ದೆ. ಬಸ್ಸಿಳಿದು ಕೇಳಿಕೊಂಡು ಮನೆ ಹುಡುಕಿದೆ. ಹೆಂಗಸು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಎಡಪಕ್ಕೆಗೆ ದಿಂಬು ಒತ್ತಿಕೊಂಡು. ಗಂಡ ನನ್ನನ್ನು ಗುರುತಿಸಿ ಎದ್ದು ನಿಂತ. ಕೂರು ಅನ್ನಲಿಲ್ಲ.

“ಆ ಗುಂಡ್ಲುಪೇಟೆಯೋರು ಓದ್ವಾರ ಬಂದಿದ್ರು,” ಅಂದ. “ಅವರೂ ಅಣ್ಣು ತಂದಿದ್ರು.”

ಅಕ್ಕೋರು ನನಗಿಂತ ಮೊದಲೇ ಬಂದು ಹೋಗಿದ್ದರು. ನನ್ನ ಮೈಯೆಲ್ಲ ಉರಿಯಿತು.

“ಏನಂದ್ರು?”

“ಟೌನ್ನಲ್ಲಿ ಕಂಪ್ಯೂಟರ್ ನೋಡೋಳು ಸರ್ಯಾಗ್ ನೋಡ್ಲಿಲ್ಲ, ಅದ್ಕೇ ಇಂಗಾಯ್ತು ಅಂದ್ರು.”

“ಅದು ಸುಳ್ಳು,” ಅಂದೆ. “ಅವರೇ ವೈರ್ ಕಿತ್ತದ್ದು. ರಗ್ಗು ಹೊದಿಸಿದ್ದು ಅವರು. ಡಬ್ಬ ಕೂಗುತ್ತಲೇ ಇತ್ತು, ಅವರು…”

ಅವನು ಕೈ ಎತ್ತಿ ನನ್ನನ್ನು ನಿಲ್ಲಿಸಿದ.

“ಅವರು ನಿನ್ನ ಅಂತಾರೆ, ನೀನು ಅವರ್ನ ಅಂತೀಯ. ಡಾಕ್ಟ್ರು ನಿಮ್ಮಿಬ್ರನ್ನೂ ಅಂತಾರೆ. ಕುಯ್ಸ್ಕಂಡು ಬಿದ್ದಿರೋಳು ನನ್ನೆಂಡ್ರು. ನೀವ್ ನೀವೇ ಜಗಳ ಆಡ್ಕೊಳಿ ಓಗಿ. ನಮ್ಮ ಮನೆ ತಾವ ಬ್ಯಾಡ.”

ಹಣ್ಣಿನ ಚೀಲವನ್ನು ಜಗಲಿಯ ಅಂಚಿಗೆ ಇಟ್ಟೆ. ಅವನು ಅದನ್ನು ಎತ್ತಿ ಮತ್ತೆ ನನ್ನ ಕೈಗೆ ಕೊಟ್ಟ. ಹೆಂಗಸು ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದವಳು, “ಬಿಸ್ಲು ಜೋರಾಗದೆ, ನೀರಾದ್ರೂ ಕುಡ್ದು ಓಗ್ಲಿ,” ಅಂದಳು ಗಂಡನಿಗೆ. ಅವನು ಒಳಗೆ ಹೋಗಲಿಲ್ಲ, ನೀರು ತರಲಿಲ್ಲ. ನಾನೂ ನಿಲ್ಲಲಿಲ್ಲ.

ಈಗ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿದ್ದೇನೆ. ಅಲ್ಲಿಯೂ ನನ್ನ ಕೆಲಸ ಇಂಥದ್ದೇ. ಕರೆಂಟು ಹೋದರೆ ಏಳಬೇಕಾದ ಜನರೇಟರು, ಅದರ ಬ್ಯಾಟರಿಗಳು, ಅವುಗಳ ಮೆಸೇಜುಗಳು. ಸೇರಿದ ವಾರವೇ ಒಂದು ವ್ಯವಸ್ಥೆ ಮಾಡಿಸಿದೆ. ಕೆಟ್ಟಾಗ ಮಾತ್ರವಲ್ಲ, ಚೆನ್ನಾಗಿದ್ದಾಗಲೂ ಪ್ರತಿ ಬೆಳಿಗ್ಗೆ ಒಂದು ಮೆಸೇಜು ಬರಬೇಕು, ಅದು ಬರದಿದ್ದರೆ ಯಾರಾದರೂ ಎದ್ದು ಹೋಗಿ ಕಣ್ಣಾರೆ ನೋಡಿ ಬರಬೇಕು. ಜನರೇಟರ್ ನೋಡಿಕೊಳ್ಳುವವನಿಗೆ ಇದು ಇಷ್ಟವಿಲ್ಲ. ತನ್ನ ಮೇಲೆ ನಂಬಿಕೆ ಇಲ್ಲದ್ದಕ್ಕೇ ಹೀಗೆ ಮಾಡಿದ್ದಾಳೆ ಅಂತ ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗುತ್ತಾನೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಾನೆ. ತಿರುಗಿಸಲಿ. ಅವನು ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೋದ ಅಂತ ಮ್ಯಾನೇಜರ್ ಒಂದು ದಿನ ನನ್ನನ್ನು ಕೇಳಿದರು. ಅದನ್ನು ಗೇಟಿನಲ್ಲಿ ವಿಚಾರಿಸಿ ಸಾರ್ ಅಂದೆ. ಅವರಿಗೂ ನನ್ನ ಮೇಲೆ ಅಷ್ಟಕ್ಕಷ್ಟೇ.